ಓದುಗರ ಪ್ರಶ್ನೆಗಳು: ಪರದೆ ಬಾಡಿಯ ಟ್ರೇಲರ್ ಕೊಳ್ಳುವ ಮುನ್ನ

ಪ್ರಶ್ನೆ: ನಮ್ಮ ಟ್ರೇಲರ್‌ಗಳೆಲ್ಲ ಮುಚ್ಚಿದ ಡಬ್ಬಿ ಬಾಡಿಯವು. ಮುಂದಿನ ಖರೀದಿಯಲ್ಲಿ ಪಕ್ಕಗಳಲ್ಲಿ ಗೋಡೆಯ ಬದಲು ಸರಿಸುವ ಪರದೆಯಿರುವ ಕರ್ಟನ್ ಸೈಡ್ ಟ್ರೇಲರ್ ತೆಗೆದುಕೊಳ್ಳುವುದು ಲಾಭವೇ?

ಉತ್ತರ: ಸರಕು ಎಲ್ಲಿ ತುಂಬುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಎರಡೂ ಕಡೆ ಹಿಂಬಾಗಿಲಿಗೆ ತಾಗುವ ಡಾಕ್ (ಸರಕು ತುಂಬಿಳಿಸುವ ಕಟ್ಟೆ) ಇದ್ದರೆ ಡಬ್ಬಿ ಬಾಡಿಯೇ ಸಾಕು. ಬಯಲಿನಲ್ಲಿ ಫೋರ್ಕ್‌ಲಿಫ್ಟ್‌ನಿಂದ ತುಂಬುವ ಇಟ್ಟಿಗೆ, ಉದ್ದನೆಯ ಪೈಪು, ಮರದ ಹಲಗೆ, ದಾರಿಯುದ್ದಕ್ಕೂ ಮೂರು ನಾಲ್ಕು ಕಡೆ ಇಳಿಸುವ ಪ್ಯಾಲೆಟ್ (ಸರಕು ಜೋಡಿಸುವ ಅಡಿಹಲಗೆ) ಇಂಥವಕ್ಕೆ ಪರದೆ ಬಾಡಿಯೇ ಮೇಲು. ನಡುವಿನ ಒಂದು ಪ್ಯಾಲೆಟ್‌ಗಾಗಿ ಹಿಂದಿನವನ್ನೆಲ್ಲ ಕೆಳಗಿಳಿಸಬೇಕಿಲ್ಲ. ಆದರೆ ಅಂಗಳದಲ್ಲಿ ಟ್ರೇಲರ್‌ನ ಪಕ್ಕಕ್ಕೆ ಫೋರ್ಕ್‌ಲಿಫ್ಟ್ ತಿರುಗುವಷ್ಟು ಜಾಗ ಇರಲೇಬೇಕು. 13.6 ಮೀಟರ್ ಉದ್ದದ ಬಾಡಿಯಲ್ಲಿ 1.2 × 1 ಮೀಟರ್ ಪ್ಯಾಲೆಟ್ 26, 1.2 × 0.8 ಮೀಟರ್‌ನವು 33 ಕೂರುತ್ತವೆ. ಕಳ್ಳರ ಕಣ್ಣು ಬೀಳುವಂಥ ದುಬಾರಿ ಸರಕಿಗೆ ಪರದೆ ಬೇಡ. ಬಟ್ಟೆಯೊಳಗೆ ಉಕ್ಕಿನ ತಂತಿಜಾಲ ಹಾಕಿಸಿದರೂ ಅದು ಚಾಕುವನ್ನು ತಡಮಾಡಿಸುತ್ತದೆ, ಪೂರ್ತಿ ತಡೆಯುವುದಿಲ್ಲ.

ಪ್ರಶ್ನೆ: ‘ಎಕ್ಸ್‌ಎಲ್’ ದರ್ಜೆಯ ಪರದೆ ಇದ್ದರೆ ಸರಕಿಗೆ ಬೆಲ್ಟ್ ಕಟ್ಟಬೇಕಿಲ್ಲ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಎಲ್ಲ ಲೋಡಿಗೂ ಸರಿಯಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಗಾಡಿ ಪಲ್ಟಿಯಾಗಬಹುದು, ಪ್ರಾಣ ಹೋಗಬಹುದು. ಆದ್ದರಿಂದ ಲೆಕ್ಕವನ್ನೇ ಕೊಡುತ್ತೇವೆ.

ಯುರೋಪಿನ ಇಎನ್ 12642 ಮಾನದಂಡದಲ್ಲಿ ಬಾಡಿಗಳಿಗೆ ಎಲ್ ಮತ್ತು ಎಕ್ಸ್‌ಎಲ್ ಎಂಬ ಎರಡು ದರ್ಜೆಗಳಿವೆ. ಎಲ್ ದರ್ಜೆಯಲ್ಲಿ ಪಕ್ಕದ ಪರದೆ ಮಳೆ ಧೂಳಿಗೆ ಮಾತ್ರ ಅಡ್ಡ. ಸರಕು ಹಿಡಿಯುವ ಬಲದ ಲೆಕ್ಕದಲ್ಲಿ ಅದು ಸೊನ್ನೆ. ಮುಂದಿನ ಗೋಡೆ ಹೊರೆಯ ಶೇ 40ರಷ್ಟು ತಡೆಯಬೇಕು, ಅದೂ ಸುಮಾರು 5 ಟನ್‌ಗೆ ಮೀರದಂತೆ. ಎಕ್ಸ್‌ಎಲ್‌ನಲ್ಲಿ ಮುಂದಿನ ಗೋಡೆಗೆ ಶೇ 50, ಪಕ್ಕಕ್ಕೆ ಶೇ 40, ಹಿಂಬದಿಗೆ ಶೇ 30.

ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8ರಷ್ಟು ಬಲದಿಂದ ಮುಂದಕ್ಕೂ, ತಿರುವಿನಲ್ಲಿ 0.5ರಷ್ಟು ಬಲದಿಂದ ಪಕ್ಕಕ್ಕೂ ನೂಕುತ್ತದೆ ಎಂದು ಲೆಕ್ಕ ಹಿಡಿಯುವುದು ರೂಢಿ. 24 ಟನ್ ಲೋಡಿಗೆ ಅದು ಮುಂದಕ್ಕೆ 19.2 ಟನ್, ಪಕ್ಕಕ್ಕೆ 12 ಟನ್. ನೆಲಹಾಸಿನ ಘರ್ಷಣೆ 0.3 (ಅಂದರೆ ಸರಕಿನ ತೂಕದ ಶೇ 30ರಷ್ಟು ಹಿಡಿತ) ಇದ್ದರೆ 7.2 ಟನ್ ಅಲ್ಲೇ ತಡೆಯುತ್ತದೆ. ಮುಂದಕ್ಕೆ ಉಳಿಯುವ 12 ಟನ್ನನ್ನು ಎಕ್ಸ್‌ಎಲ್ ಗೋಡೆ ಸರಿಯಾಗಿ ಹೊರುತ್ತದೆ, ಒಂದಿಷ್ಟೂ ಮಿಗುವುದಿಲ್ಲ. ಎಲ್ ಗೋಡೆಯಾದರೆ 7 ಟನ್ ಕೊರತೆ. ಪಕ್ಕಕ್ಕೆ ಉಳಿಯುವ 4.8 ಟನ್ನನ್ನು ಎಕ್ಸ್‌ಎಲ್ ಪರದೆ ಸುಲಭವಾಗಿ ತಡೆಯುತ್ತದೆ. ಎಲ್‌ನಲ್ಲಿ ಅಷ್ಟನ್ನೂ ಬೆಲ್ಟ್ ಹೊರಬೇಕು.

ಬೆಲ್ಟಿನ ಲೇಬಲ್ ಮೇಲೆ 2500 ಎಂದು ದೊಡ್ಡದಾಗಿ ಬರೆದಿರುವುದು ಅದರ ತಾಳಿಕೆ. ಮೇಲಿಂದ ಹಾಯಿಸಿ ಒತ್ತಿ ಕಟ್ಟುವಾಗ ನೋಡಬೇಕಾದದ್ದು ‘ಎಸ್‌ಟಿಎಫ್’ ಅಂಕಿ, ಅಂದರೆ ಕೈಯಿಂದ ಬಿಗಿದಾಗ ಬೆಲ್ಟಿನಲ್ಲಿ ಉಳಿಯುವ ಎಳೆತ (ಸುಮಾರಾಗಿ ಕಿಲೋ ಲೆಕ್ಕದಲ್ಲಿ). ಅದು 500 ಇದ್ದರೆ ಎರಡೂ ಬದಿ ಸೇರಿ ಹೆಚ್ಚೆಂದರೆ ಒಂದು ಟನ್ ಒತ್ತಡ ಸಿಗುತ್ತದೆ, 0.3 ಘರ್ಷಣೆಯಲ್ಲಿ ಅದರ ಹಿಡಿತ ಬರೀ 300 ಕಿಲೋ. 4.8 ಟನ್‌ಗೆ 16 ಬೆಲ್ಟ್, ಮುಂದಿನ 7 ಟನ್ ಕೊರತೆಗೆ 24! ಸರಕಿನ ಅಡಿಗೆ ರಬ್ಬರ್ ಮ್ಯಾಟ್ ಹಾಕಿದರೆ ಘರ್ಷಣೆ 0.6ಕ್ಕೆ ಏರುತ್ತದೆ. ಆಗ ಪಕ್ಕದ ಜಾರಿಕೆ ಮ್ಯಾಟಿನಲ್ಲೇ ನಿಲ್ಲುತ್ತದೆ, ಮುಂದಕ್ಕೆ ಉಳಿಯುವುದು 4.8 ಟನ್ ಮಾತ್ರ. ಎಲ್ ಟ್ರೇಲರ್ ಇಟ್ಟುಕೊಂಡವರು ಮೊದಲು ಕೊಳ್ಳಬೇಕಾದದ್ದು ಈ ಮ್ಯಾಟ್. ಕುಲುಕಾಟದಲ್ಲಿ ಸರಕು ಮೇಲೇಳದಂತೆ, ಎತ್ತರದ ಪ್ಯಾಲೆಟ್ ಮಗುಚದಂತೆ ಬೆಲ್ಟ್ ಆಗಲೂ ಬೇಕು.

ಎಕ್ಸ್‌ಎಲ್ ಬಲ ಸಿಗುವುದು ಸರಕು ಮುಂದಿನ ಗೋಡೆಗೂ ಪಕ್ಕಗಳಿಗೂ ಸಂದಿಲ್ಲದೆ ಒತ್ತಿ ಕೂತಾಗ, ಒತ್ತಡ ಸಮನಾಗಿ ಹರಡಿದಾಗ. ಉಕ್ಕಿನ ಸುರುಳಿ, ಯಂತ್ರಗಳಂಥ ಒಂದೇ ಜಾಗಕ್ಕೆ ಒತ್ತುವ ಭಾರವನ್ನು ಪರದೆಗೆ ನಂಬಿ ಬಿಡಬಾರದು, ನೆಲದ ಕೊಂಡಿಗೇ ಬಿಗಿಯಬೇಕು. ಪ್ರಮಾಣಪತ್ರದಲ್ಲಿ ಎಷ್ಟು ಕಂಬ, ಎಷ್ಟು ಅಡ್ಡಪಟ್ಟಿ ಎಂದು ಬರೆದಿರುತ್ತದೆ. ಅವುಗಳಲ್ಲಿ ಒಂದು ಕಡಿಮೆಯಿದ್ದರೂ ಆ ಪತ್ರ ನಿಮ್ಮ ಗಾಡಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಆರ್ಡರ್ ಕೊಡುವಾಗ ಏನೇನು ಬರೆಸಬೇಕು?

ಉತ್ತರ: ನೆಲಹಾಸು ಫೋರ್ಕ್‌ಲಿಫ್ಟ್‌ನ ಎಷ್ಟು ಆಕ್ಸಲ್ ಭಾರ ತಡೆಯುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಹೊರೆ ಎತ್ತಿದ ಫೋರ್ಕ್‌ಲಿಫ್ಟ್‌ನ ತೂಕ ಬಹುಪಾಲು ಮುಂದಿನ ಆಕ್ಸಲ್ ಮೇಲೇ ಬೀಳುತ್ತದೆ. ನಡುಗಂಬಗಳು ಸರಿಯುವಂಥವಿರಲಿ. ಲೋಡ್ ಮುಗಿದ ಮೇಲೆ ಅವನ್ನು ತಪ್ಪದೆ ಜಾಗಕ್ಕೆ ತಂದು ಲಾಕ್ ಮಾಡಬೇಕು. ಇಲ್ಲವಾದರೆ ಛಾವಣಿ ಜೋಲುತ್ತದೆ, ಪರದೆ ಸರಿಯುವ ಹಳಿ ಬಾಗುತ್ತದೆ, ರೋಲರ್ ಸಿಕ್ಕಿಕೊಳ್ಳುತ್ತದೆ. ಕ್ರೇನಿನಿಂದ ತುಂಬುವ ಸರಕಿದ್ದರೆ ಮಾತ್ರ ಸರಿಯುವ ಛಾವಣಿ ಕೇಳಿ, ಏಕೆಂದರೆ ನೀರು ಸೋರುವ ಜಾಗ ಅದರಲ್ಲಿ ಹೆಚ್ಚು.

ಪ್ರಶ್ನೆ: ಪರದೆ ಪದೇ ಪದೇ ಹರಿಯುತ್ತಿದೆ. ಏನು ಮಾಡಬೇಕು?

ಉತ್ತರ: ಪರದೆ ಸಡಿಲವಿದ್ದರೆ ಗಾಳಿಗೆ ಪಟಪಟ ಬಡಿದು ಕಂಬದ ಅಂಚಿಗೆ ಉಜ್ಜಿಕೊಳ್ಳುತ್ತದೆ. ಮೊದಲು ಪರದೆಯ ತುದಿಯ ಕೋಲಿನ ರ್ಯಾಚೆಟ್‌ನಿಂದ (ಹಿಂದಕ್ಕೆ ಜಾರದಂತೆ ಬಿಗಿಯುವ ಹಲ್ಲುಚಕ್ರ) ಉದ್ದಕ್ಕೆ ಬಿಗಿದು, ಆಮೇಲೆ ಕೆಳಗಿನ ಬಕಲ್‌ಗಳನ್ನು ಹಾಕಬೇಕು. ಈ ಕ್ರಮ ತಿರುಗಿಸಿದರೆ ಬಟ್ಟೆ ಸುಕ್ಕಾಗಿ, ಹರಿಯುವುದು ಅಲ್ಲಿಂದಲೇ ಶುರುವಾಗುತ್ತದೆ.

ಹರಿದದ್ದಕ್ಕೆ ಅಂಟು ತೇಪೆ ತಾತ್ಕಾಲಿಕ. ನಿಲ್ಲುವುದು ಬಿಸಿಗಾಳಿ ಬೆಸುಗೆ. ಹರಿದ ಜಾಗದ ಸುತ್ತ ಕೊಳೆ, ಎಣ್ಣೆ ಒರೆಸಿ ಪೂರ್ತಿ ಒಣಗಿಸಿ. ಅದೇ ಜಾತಿಯ ಪಿವಿಸಿ ಬಟ್ಟೆಯನ್ನು ಸುತ್ತಲೂ 5 ಸೆಂ.ಮೀ. ದೊಡ್ಡದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ಏಳುತ್ತದೆ. ಎರಡು ಪದರಗಳ ನಡುವೆ ಬಿಸಿಗಾಳಿ ಬಿಡುತ್ತಾ, ನಡುವಿನಿಂದ ಅಂಚಿನ ಕಡೆಗೆ ರೋಲರ್ ಒತ್ತುತ್ತಾ ಸಾಗಿ. ಹೊಗೆ ಬಂದರೆ ಶಾಖ ಹೆಚ್ಚಾಗಿದೆ ಎಂದರ್ಥ. ಎಕ್ಸ್‌ಎಲ್ ಪರದೆಯ ಒಳಗಿನ ಪಟ್ಟಿ ತುಂಡಾಗಿದ್ದರೆ ತೇಪೆ ಹಾಕಿ ಓಡಿಸಬೇಡಿ. ತಯಾರಕರು ಹೇಳಿದ ವಿಧಾನದಲ್ಲೇ ದುರಸ್ತಿ ಆಗಬೇಕು.

ಪರದೆ ಹೊರಕ್ಕೆ ಉಬ್ಬಿದ್ದರೆ ಸರಕು ಅದಕ್ಕೆ ಒರಗಿದೆ ಎಂದು ತಿಳಿಯಿರಿ. ಆ ಬದಿಯ ಬಕಲ್ ಬಿಚ್ಚಬಾರದು, ಹತ್ತಿರ ಯಾರೂ ನಿಲ್ಲಬಾರದು. ಎದುರು ಬದಿಯಿಂದ ತೆರೆದು, ಸರಕನ್ನು ಒಳಕ್ಕೆಳೆದು ಭದ್ರಪಡಿಸಿದ ಮೇಲೆಯೇ ಈ ಬದಿಗೆ ಕೈ ಹಾಕಿ.