‘ಆ ಥರ ಅಲ್ಲ’ ಅಂತ ನಾನು ಯಾಕೆ ಹೇಳಲಿಲ್ಲ

ಮಗ ಗೇಮ್‌ನಲ್ಲಿ ಹುಡುಗಿಯಾಗಿ ಆಡ್ತಾನೆ ಅನ್ನುವ ಕಾರಣಕ್ಕೆ ಈ ವರ್ಷ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದ ಮೂರನೇ ಮನೆಯವರು ಇವರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹುಡುಗನಿಗೆ 16, ಮೊದಲ ಪಿಯುಸಿ. ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಗೇಮ್ ಆಡುತ್ತಾನೆ, ಹುಡುಗಿಯ ಪಾತ್ರದಲ್ಲಿ. ಅಪ್ಪ ಅದನ್ನು ನೋಡಿ ಫೋನ್ ಕಿತ್ತು ಬೀರುವಿಗೆ ಹಾಕಿ ಬೀಗ ಜಡಿದರು.

ಮೊದಲು ಅವನೊಬ್ಬನ ಜೊತೆ ಕೂತೆ. ಹುಡುಗಿ ಪಾತ್ರ ಯಾಕಪ್ಪಾ ಅಂದೆ.

"ಗೇಮ್ ಪೂರ್ತಿ ಬೆನ್ನೇ ಕಾಣೋದು ಮೇಡಂ. ನೋಡೋಕೆ ಚೆನ್ನಾಗಿರಲಿ ಅಂತ."

ಈ ಉತ್ತರ ಹೊಸದಲ್ಲ. 1996ರಲ್ಲಿ ಟೂಂಬ್ ರೈಡರ್ ಗೇಮ್ ಬಂದಾಗ ಅದರ ನಾಯಕಿ ಲಾರಾ ಕ್ರಾಫ್ಟ್ ಬೆನ್ನು ನೋಡುತ್ತಲೇ ಎಷ್ಟೋ ಹುಡುಗರು ಗುಹೆಯೆಲ್ಲ ಓಡಿದರು. ಆದರೆ ಇವನು ಅಲ್ಲಿಗೆ ನಿಲ್ಲಿಸಲಿಲ್ಲ. ಗಂಡು ಪಾತ್ರಕ್ಕೆ ಡ್ರೆಸ್ ಹಾಕೋದು ಬೇಜಾರಂತೆ. ಇವಳಿಗೆ ಬೂಟು ಆರಿಸುತ್ತಾ ಅರ್ಧ ಗಂಟೆ ಹೋಗುತ್ತಂತೆ. ಹೇಳುವಾಗ ಅವನ ಹೆಬ್ಬೆರಳು ನನ್ನ ಮೇಜಿನ ಮೇಲೆ, ಸ್ಕ್ರೀನ್ ಸರಿಸುವ ಹಾಗೆ, ಸರಿಯುತ್ತಲೇ ಇತ್ತು. ಆಮೇಲೆ ನಿಂತಿತು.

"ಇವನು ಒಳಗೊಳಗೆ ಹುಡುಗಿನಾ ಅಂತ ಅಪ್ಪ ನಿಮ್ಮನ್ನ ಕೇಳ್ತಾರೆ. ನೀವು ಹಾಗೇನಿಲ್ಲ ಅಂತೀರಿ. ಮುಂದೆ ನನಗೇ ಹೌದು ಅನ್ನಿಸಿದ್ರೆ ಯಾರ ಹತ್ರ ಹೇಳಲಿ?"

ಅಪ್ಪ ಒಳಗೆ ಬಂದು ಅದನ್ನೇ ಕೇಳಿದರು. "ಒಂದೇ ಮಾತು ಹೇಳಿಬಿಡಿ. ಇವನು ಆ ಥರ ಅಲ್ಲ ತಾನೇ?" ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

"ಗೇಮ್ ನೋಡಿ ಅದನ್ನು ಯಾರೂ ಹೇಳೋಕಾಗಲ್ಲ. ಹಾಗಿದ್ದರೂ ಅದು ಕಾಯಿಲೆ ಅಲ್ಲ" ಅಂದೆ. ಅಪ್ಪ ಎದ್ದು ಹೊರಗೆ ಹೋದರು.

‘ಅಲ್ಲ’ ಅಂದಿದ್ದರೆ ಮನೆ ತಣ್ಣಗಾಗುತ್ತಿತ್ತು ಅಂತ ಸಹೋದ್ಯೋಗಿಯೊಬ್ಬರು ನನ್ನನ್ನು ಬೈದರು. ನಾನು ಒಪ್ಪಲ್ಲ. ನಾನು ಸಮಾಧಾನ ಹೇಳಿದ್ದರೆ, ‘ಆ ಥರ’ ಇರೋದು ಹೆದರಬೇಕಾದ ವಿಷಯ ಅಂತ ನಾನೇ ಆ ಮಗುವಿಗೆ ಕಲಿಸಿದ ಹಾಗಾಗುತ್ತಿತ್ತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, ಹುಟ್ಟಿದ ಲಿಂಗ ತನ್ನದಲ್ಲ ಅನ್ನಿಸುವುದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ‘ಸರಿಮಾಡಿಕೊಡ್ತೀವಿ’ ಅನ್ನುವ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದೇ ವರ್ಷ ಹೇಳಿತು. ಇನ್ನು ಈ ಪಾತ್ರದ ವಿಷಯ. ಒಬ್ಬರಿಗೆ ಬಟ್ಟೆಯ ಚಂದ, ಒಬ್ಬರಿಗೆ ಸುಮ್ನೆ ಕುತೂಹಲ. ಹುಡುಗಿ ಅಂದುಕೊಂಡು ಟೀಮಿನವರು ಜಾಸ್ತಿ ಸಹಾಯ ಮಾಡ್ತಾರೆ ಅನ್ನುವವರೂ ಇದ್ದಾರೆ. ಕೆಲವರಿಗೆ ಮಾತ್ರ ತಮ್ಮನ್ನು ತಾವು ನೋಡಿಕೊಳ್ಳೋಕೆ ಅದೊಂದೇ ಜಾಗ.

ಗಂಡು ಪಾತ್ರ ಆಡುವ ಹುಡುಗಿಯನ್ನು ಇದುವರೆಗೆ ಯಾವ ಅಪ್ಪನೂ ನನ್ನ ಹತ್ತಿರ ಕರೆದುಕೊಂಡು ಬಂದಿಲ್ಲ. ಮೈಕ್ ಆಫ್ ಮಾಡಿ, ಹುಡುಗನ ಹೆಸರಿಟ್ಟುಕೊಂಡು ಆಡುವ ಹುಡುಗಿಯರು ಬೇಕಾದಷ್ಟಿದ್ದಾರೆ. ದನಿ ಕೇಳಿದ ಕೂಡಲೇ ಹೊಲಸು ಮಾತು ಶುರುವಾಗುತ್ತೆ ಅನ್ನುತ್ತಾರೆ. ಅಲ್ಲಿ ಯಾಕೆ ನಮಗೆ ಗಾಬರಿಯಾಗಲ್ಲ?

ಅಮ್ಮನಿಗೆ ಹೇಳಿದ್ದು ಇಷ್ಟು. ಅವನು ಯಾರು ಅಂತ ಕೇಳಬೇಡಿ, ಗೇಮ್ ತೋರಿಸು ಅನ್ನಿ. ನಿದ್ದೆ ನೋಡಿ. ರಾತ್ರಿ ಒಂದರವರೆಗೆ ಆಡುತ್ತಿದ್ದ, ನನಗೆ ಚಿಂತೆಯಾಗಿದ್ದು ಅದೊಂದೇ. ನಿಲ್ಲಿಸೋಕಾಗದೆ ಓದು, ನಿದ್ದೆ, ಗೆಳೆಯರೆಲ್ಲ ಕೈಬಿಟ್ಟು ತಿಂಗಳುಗಟ್ಟಲೆ ಹೋದರೆ ಬನ್ನಿ. ಹತ್ತೂವರೆಗೆ ಫೋನ್ ಹಾಲ್‌ನಲ್ಲಿರಲಿ, ನಿಮ್ಮದೂ.

ಮೂರನೇ ಸಲ ತಾಯಿ ಮಗ ಇಬ್ಬರೇ ಬಂದರು. ಫೋನ್ ಬೀರುವಿನಿಂದ ಹೊರಗೆ ಬಂದಿತ್ತು. ಅಪ್ಪ ಇನ್ನೂ ಮಾತಾಡುತ್ತಿಲ್ಲ. ಈಗ ಯಾವ ಬೂಟು ಅಂತ ಹುಡುಗನನ್ನು ಕೇಳಿದೆ.

"ಕೆಂಪು" ಅಂದರು ಅಮ್ಮ.