ಮನೆ ತಂಪು, ಬಿಲ್ ಹಗುರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಮೇಲಂತಸ್ತಿನ ಮನೆ. ಒಂದೂವರೆ ಟನ್ ಎಸಿ ರಾತ್ರಿಯಿಡೀ ಓಡಿದರೂ ಮಲಗುವ ಕೋಣೆ ತಂಪಾಗುವುದಿಲ್ಲ. ಅಂಗಡಿಯವರು ಎರಡು ಟನ್ ತಗೊಳ್ಳಿ ಅಂತಾರೆ. ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಮೊದಲು ತಾರಸಿ ನೋಡಿ. ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ಆ ಬಿಸಿಲನ್ನು ಗೋಡೆಗಿಂತ ಜಾಸ್ತಿ ತಿನ್ನುವುದು ನಿಮ್ಮ ಸ್ಲ್ಯಾಬ್. ಹಗಲೆಲ್ಲಾ ಕಾದ ಕಾಂಕ್ರೀಟು, ಒಲೆ ಆರಿಸಿದ ಮೇಲೂ ಸುಡುವ ರೊಟ್ಟಿ ಹೆಂಚಿನ ಹಾಗೆ, ರಾತ್ರಿ ನೀವು ಮಲಗಿದ ಮೇಲೂ ಕೆಳಗೆ ಶಾಖ ಬಿಡುತ್ತಲೇ ಇರುತ್ತದೆ. ನಿಮ್ಮ ಎಸಿ ಕೋಣೆಯ ಗಾಳಿಯ ಜೊತೆಗೆ ಆ ಇಡೀ ಸ್ಲ್ಯಾಬಿನ ಬಿಸಿಯನ್ನೂ ಹೊರಗೆ ಹಾಕಬೇಕು. ಎರಡು ಟನ್ ತಂದರೂ ಸ್ಲ್ಯಾಬ್ ಅದೇ ತಾನೇ?

ಕಡಿಮೆ ಖರ್ಚಿನ ದಾರಿ ಬಿಳಿ ಬಣ್ಣ. ಬಿಸಿಲನ್ನು ವಾಪಸ್ ಕಳಿಸುವ ತಾರಸಿ ಕೋಟಿಂಗ್ ಈಗ ಎಲ್ಲಾ ಪೇಂಟ್ ಅಂಗಡಿಯಲ್ಲೂ ಸಿಗುತ್ತದೆ. ಅಷ್ಟೂ ಆಗದಿದ್ದರೆ ಸುಣ್ಣ ಬಳಿಸಿ. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಕೋಟಿಂಗ್ ಕೆಲವು ವರ್ಷ ಬರುತ್ತದೆ, ಆದರೆ ಧೂಳು ಕೂತು ಕಂದಾದರೆ ಕೆಲಸ ಮಾಡುವುದಿಲ್ಲ, ಬೇಸಿಗೆಗೆ ಮುಂಚೆ ತೊಳೆಯಲೇಬೇಕು. ಬಿಳಿ ಟೈಲ್ಸ್ ಚೂರುಗಳನ್ನು ಹಾಸಿಸಿದರೆ ಇನ್ನೂ ಬಾಳಿಕೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ತಂದಿತು. ಅದೇ ಬಿಸಿಲಿರುವ ನಮ್ಮ ಕಲ್ಯಾಣ ಕರ್ನಾಟಕದ ಊರುಗಳಿಗೂ ಅಂಥದ್ದು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ವಲ್ಪ ಜಾಸ್ತಿ ದುಡ್ಡು ಹಾಕಬಹುದು ಅಂದರೆ, ವಾಟರ್‌ಪ್ರೂಫಿಂಗ್ ಮೇಲೆ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಲಗೆ ಹಾಸಿ, ಅದರ ಮೇಲೆ ಕಾಂಕ್ರೀಟು ಹಾಕಿಸಿ. ಫಾಲ್ಸ್ ಸೀಲಿಂಗ್ ಕೂಡ ಒಂದಿಷ್ಟು ಶಾಖ ತಡೆಯುತ್ತದೆ ನಿಜ, ಆದರೆ ಅಷ್ಟರಲ್ಲಿ ಸ್ಲ್ಯಾಬ್ ಕಾದಾಗಿರುತ್ತದೆ. ಬಿಸಿಯನ್ನು ಸ್ಲ್ಯಾಬಿನ ಮೇಲೆಯೇ ನಿಲ್ಲಿಸುವುದು ಸರಿಯಾದ ಕ್ರಮ. ನಿಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆಗಳು ಮಾಡುತ್ತಿದ್ದದ್ದೂ ಇದನ್ನೇ. ತಾರಸಿಗೆ ದಿನಾ ನೀರು ಹೊಡೆಯಿರಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ತಂಪಾಗುತ್ತದೆ, ಆದರೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುವ ಊರಿನಲ್ಲಿ ಆ ಸಲಹೆ ನಾನು ಕೊಡಲಾರೆ.

ಇಷ್ಟು ಮಾಡಿ, ಎಸಿ ಫಿಲ್ಟರ್ ತೊಳೆದು, ಬಾಗಿಲ ಸಂದಿ ಮುಚ್ಚಿ, 24ರಿಂದ 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿಕೊಂಡು ಒಂದು ಬೇಸಿಗೆ ನೋಡಿ. ಎಸಿಯನ್ನು ಒಂದು ಡಿಗ್ರಿ ಮೇಲೆ ಇಟ್ಟರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಅನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ. ಆಮೇಲೂ ಸಾಲದಿದ್ದರೆ ಹೊಸ ಎಸಿ ಮಾತಾಡೋಣ.

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಫ್ಲಾಟ್. ಎಸಿ ಇಲ್ಲ, ಆದರೂ ಬೇಸಿಗೆಯಲ್ಲಿ ಬಿಲ್ 200 ಯೂನಿಟ್ ದಾಟುತ್ತದೆ. ಗೋಡೆಗೆ ಮೊಳೆ ಹೊಡೆಯಲೂ ಓನರ್ ಬಿಡುವುದಿಲ್ಲ. ನಾವೇನು ಮಾಡಬಹುದು?

ಉತ್ತರ: ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಹಾಗಾಗಿ ನಿಮಗೆ ಒಂದೊಂದು ಯೂನಿಟ್ಟೂ ಮುಖ್ಯ. ಮೊದಲು ಫ್ಯಾನ್. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಮೋಟಾರಿರುವ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 15 ಗಂಟೆ ತಿರುಗುವ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 20 ಯೂನಿಟ್ ಉಳಿತಾಯ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು, ಹಳೇದನ್ನು ಅಟ್ಟದ ಮೇಲಿಟ್ಟು ಹೋಗುವಾಗ ವಾಪಸ್ ಹಾಕಿಬಿಡಿ. ಹೊಸ ಫ್ಯಾನಿಗೆ ಗೋಡೆಯ ಹಳೇ ರೆಗ್ಯುಲೇಟರ್ ಬಳಸಬೇಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ತಪ್ಪಿಸಿ.

ಎರಡನೆಯದು ಗೀಸರ್. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ಕಾದ ನೀರಿಗೆ ಬಕೆಟ್‌ಗಟ್ಟಲೆ ತಣ್ಣೀರು ಬೆರೆಸುವವರು ಅಷ್ಟೊಂದು ಕಾಯಿಸುವುದೇ ಯಾಕೆ? ಥರ್ಮೋಸ್ಟಾಟ್ 50ಕ್ಕೆ ಇಳಿಸಿ, ಒಬ್ಬರಾದ ಮೇಲೊಬ್ಬರು ಸ್ನಾನ ಮುಗಿಸಿ, ಸ್ವಿಚ್ ಆರಿಸಿ. ಬಿಸಿಲು ಬೀಳುವ ಕಿಟಕಿಗೆ ಒಳಗೆ ಪರದೆ ಹಾಕಿದರೆ ಅರ್ಧ ಕೆಲಸ ಮಾತ್ರ, ಯಾಕಂದರೆ ಶಾಖ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಕಿಟಕಿ ಸರಳಿಗೆ ಹೊರಗಿನಿಂದ ಬಿದಿರಿನ ಚಾಪೆ ಕಟ್ಟಿ, ಮೊಳೆ ಬೇಕಿಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ರಸ್ತೆ ಪಶ್ಚಿಮಕ್ಕಿದೆ. ಮುಂದುಗಡೆ ದೊಡ್ಡ ಗಾಜು ಹಾಕಿಸಬೇಕು ಅಂತ ಮಗನ ಆಸೆ. ಸರಿಯಾ?

ಉತ್ತರ: ಆ ಗಾಜು ಬೇಡ ಅಂತ ಮಗನಿಗೆ ದಯವಿಟ್ಟು ಹೇಳಿ. ದಕ್ಷಿಣದ ಬಿಸಿಲನ್ನು ಕಿಟಕಿ ಮೇಲಿನ ಸಜ್ಜೆ ತಡೆಯುತ್ತದೆ. ಸಂಜೆಯ ಪಶ್ಚಿಮದ ಬಿಸಿಲು ಕೆಳಗಿನಿಂದ ಓರೆಯಾಗಿ ಬರುವುದರಿಂದ ಯಾವ ಸಜ್ಜೆಗೂ ಸಿಗುವುದಿಲ್ಲ. ಆ ಕಡೆಗೆ ಮೆಟ್ಟಿಲು, ಬಚ್ಚಲು, ಸ್ಟೋರ್ ಬರಲಿ. ಕಿಟಕಿ ಸಣ್ಣದಿರಲಿ, ಹೊರಗೆ ತೂತುಗಳಿರುವ ಜಾಲಿ ಗೋಡೆ ಇರಲಿ. ಜಾಗವಿದ್ದರೆ ಒಂದು ಹೊಂಗೆ ನೆಡಿ. ಗೋಡೆಗೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರವಾದ ಎಎಸಿ ಬ್ಲಾಕ್ ಆದರೆ ಸಾಲಿಡ್ ಕಾಂಕ್ರೀಟ್ ಬ್ಲಾಕಿಗಿಂತ ಬಿಸಿ ತುಂಬಾ ನಿಧಾನವಾಗಿ ದಾಟುತ್ತದೆ.

ಇನ್ನೊಂದು ಮಾತು. 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆ ಅಂತ ಮನೆಗಳಿಗಾಗಿಯೇ ಇರುವ ಕೇಂದ್ರದ ನಿಯಮಾವಳಿ ಇದೆ. ಅದರ ಪ್ರಕಾರ ತಾರಸಿಯ ಯು-ವ್ಯಾಲ್ಯೂ 1.2 ದಾಟಬಾರದು. ಯು-ವ್ಯಾಲ್ಯೂ ಅಂದರೆ ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೇದು. ಮೇಲೆ ಏನೂ ಹಾಸದ ಬರೀ ಆರ್‌ಸಿಸಿ ಇದರ ಎರಡು ಪಟ್ಟಿಗಿಂತ ಜಾಸ್ತಿ ಶಾಖ ಬಿಡುತ್ತದೆ. ನಿಮ್ಮ ಎಂಜಿನಿಯರ್‌ಗೆ ಈ ಅಂಕಿ ತೋರಿಸಿ, ಇದಕ್ಕೆ ತಕ್ಕ ಹಾಗೆ ಮಾಡಿಕೊಡಿ ಅಂತ ಕೇಳಿ. ಮನೆ ಕಟ್ಟುವಾಗ ಮಾಡಿಸುವುದು ಸುಲಭ, ಕಟ್ಟಿದ ಮೇಲೆ ಕಷ್ಟ.

ಪ್ರಶ್ನೆ: ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದರೆ ಇದೆಲ್ಲಾ ತಲೆನೋವು ಬೇಡ ಅಲ್ವಾ?

ಉತ್ತರ: ಹಾಕಿಸಿ, ಒಳ್ಳೇದೇ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನಮ್ಮ ಕಡೆ ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ನಿರೀಕ್ಷಿಸಬಹುದು. ಆದರೆ ಮೊದಲು ಫ್ಯಾನ್, ಗೀಸರ್, ತಾರಸಿ ಸರಿಮಾಡಿಕೊಂಡರೆ 3 ಬೇಕಾದ ಕಡೆ 2 ಸಾಕಾಗಬಹುದು. ಪ್ಯಾನೆಲ್‌ಗಳನ್ನು ಎತ್ತರದ ಸ್ಟ್ಯಾಂಡ್ ಮೇಲೆ, ಕೆಳಗೆ ಗಾಳಿ ಆಡುವ ಹಾಗೆ ಕೂರಿಸಿದರೆ ಸ್ಲ್ಯಾಬಿಗೆ ನೆರಳೂ ಸಿಗುತ್ತದೆ. ಬಿರುಕು ಮುಚ್ಚುವುದು, ವಾಟರ್‌ಪ್ರೂಫಿಂಗ್, ಬಿಳಿ ಕೋಟಿಂಗ್ ಎಲ್ಲಾ ಅದಕ್ಕೂ ಮುಂಚೆ ಮುಗಿಸಿ. ಸ್ಟ್ಯಾಂಡ್ ನಿಂತ ಮೇಲೆ ಅದರ ಕಾಲುಗಳ ಮಧ್ಯೆ ನುಗ್ಗಿ ಕೆಲಸ ಮಾಡಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ.