ಯಾರ ಮುಂದೆ ಮಾತ್ರೆ ನುಂಗಬೇಕು?

ಟಿಬಿ ಚಿಕಿತ್ಸೆಯನ್ನು ನಡುವೆ ಬಿಟ್ಟವರು ನನ್ನ ಬಳಿ ಬರುತ್ತಲೇ ಇರುತ್ತಾರೆ. 'ಹುಷಾರಾದೆ, ಬಿಟ್ಟೆ' ಅನ್ನುವವರೇ ಜಾಸ್ತಿ. ಇಲ್ಲಿ ಹೇಳುತ್ತಿರುವ ರೋಗಿ ಬಿಟ್ಟ ಕಾರಣ ಬೇರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಡುವಯಸ್ಸಿನವರು, ಕಾರ್ಖಾನೆ ಕೆಲಸ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳನ್ನೂ ತಪ್ಪದೆ ತೆಗೆದುಕೊಂಡಿದ್ದರು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಕೆಮ್ಮು ನಿಂತಿತು, ತೂಕ ಏರಿತು. ಮುಂದಿನ ನಾಲ್ಕು ತಿಂಗಳ ಹಂತ ಶುರುವಾದ ಮೇಲೆ ಮಾತ್ರೆ ಕೊಡುವ ಕೇಂದ್ರದ ಕಡೆ ತಲೆ ಹಾಕಲಿಲ್ಲ.

ಅವರ ಕಾರ್ಡ್ ಮೇಜಿನ ಮೇಲಿತ್ತು. ಮಾತ್ರೆ ನುಂಗಿದ ದಿನಗಳಿಗೆ ಸಾಲಾಗಿ ಟಿಕ್ ಗುರುತು, ಆಮೇಲೆ ಬರೀ ಖಾಲಿ ಚೌಕ. ಯಾಕೆ ಬಿಟ್ಟಿರಿ ಅಂತ ಅಷ್ಟರಲ್ಲಿ ಎಲ್ಲರೂ ಕೇಳಿ ಆಗಿತ್ತು. 'ಮಾತ್ರೆ ತಗೊಳ್ಳುವಾಗ ಅಲ್ಲಿ ಏನೇನು ಆಗುತ್ತೆ, ಮೊದಲಿನಿಂದ ಹೇಳಿ' ಅಂದೆ.

'ಸಾಲಲ್ಲಿ ನಿಲ್ತೀನಿ ಮೇಡಂ. ಹೆಸರು ಕೂಗ್ತಾರೆ. ಅಂಗೈಗೆ ಮಾತ್ರೆ ಹಾಕ್ತಾರೆ. ನುಂಗಿದ ಮೇಲೆ ಬಾಯಿ ತೆಗೀರಿ, ನಾಲಿಗೆ ಎತ್ತಿ ಅಂತಾರೆ. ಆ ಹುಡುಗ ನನ್ನ ಮಗನಿಗಿಂತ ಚಿಕ್ಕೋನು. ಹಿಂದೆ ಇರೋರೆಲ್ಲ ನೋಡ್ತಿರ್ತಾರೆ.' ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ನಾನೇನು ಕಳ್ಳನಾ?'

ಖಂಡಿತ ಅಲ್ಲ ಎಂದೆ. ಆದರೆ ಮಾತ್ರೆ ನುಂಗುವಾಗ ಯಾರೂ ನೋಡುವುದೇ ಬೇಡ ಎನ್ನುವುದಕ್ಕೆ ಒಪ್ಪಲಿಲ್ಲ. ಮೈ ಹಗುರಾದರೂ ಒಳಗೆ ರೋಗಾಣು ಉಳಿದಿರುತ್ತವೆ. ಒಂದು ಔಷಧಿಗೆ ಬಗ್ಗದ್ದು ಇನ್ನೊಂದಕ್ಕೆ ಸಾಯಲಿ ಎಂದೇ ಹಲವು ಔಷಧಿ ಒಟ್ಟಿಗೆ ಕೊಡುವುದು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ್ದರು. ರೋಗಿಗಳು ಚೇತರಿಸಿಕೊಂಡರು. ಕೆಲವೇ ತಿಂಗಳಲ್ಲಿ ಬಹಳಷ್ಟು ಜನರಲ್ಲಿ ಆ ಔಷಧಿ ನಾಟದೇ ಹೋಯಿತು. ಬೇಕಾದಾಗ ನುಂಗಿ ಬೇಡವಾದಾಗ ಬಿಟ್ಟರೂ ಇದೇ ಅಪಾಯ. ಆರು ತಿಂಗಳು ಒಬ್ಬರೇ ನೆನಪಿಟ್ಟುಕೊಂಡು ನುಂಗುವುದು ಯಾರಿಗೂ ಸುಲಭವಲ್ಲ, ವೈದ್ಯರಿಗೂ ಅಲ್ಲ.

'ಯಾರ ಮುಂದೆ ನುಂಗೋಕೆ ನಿಮಗೆ ಸಂಕೋಚ ಇಲ್ಲ?' ಎಂದು ಕೇಳಿದೆ. ಜೊತೆಗೆ ಕೆಲಸ ಮಾಡುವ ಒಬ್ಬರನ್ನು ಹೇಳಿದರು. ಅವರಿಗೂ ಹಿಂದೆ ಟಿಬಿ ಆಗಿ ವಾಸಿಯಾಗಿತ್ತು.

ವೈದ್ಯರು ಕಫ ಪರೀಕ್ಷೆ ಮಾಡಿಸಿ, ಚಿಕಿತ್ಸೆ ಮತ್ತೆ ಹೇಗೆ ಮುಂದುವರಿಯಬೇಕೆಂದು ತೀರ್ಮಾನಿಸಿದರು. ಆ ಗೆಳೆಯರನ್ನು ಕರೆಸಿ ಕೂರಿಸಿಕೊಂಡು ಹೇಳಿದೆ: ಕಣ್ಣೆದುರೇ ನುಂಗಿಸಬೇಕು, ಆಮೇಲೇ ಟಿಕ್ ಹಾಕಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್‌ನಿಂದ, ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ವೈದ್ಯರ ಬಳಿ ಕರೆತನ್ನಿ.

ಗೆಳೆಯ ದಾಕ್ಷಿಣ್ಯಕ್ಕೆ ಸುಳ್ಳು ಟಿಕ್ ಹಾಕಿಬಿಟ್ಟರೆ ಎಂದು ಸಹೋದ್ಯೋಗಿಗಳು ನನ್ನನ್ನು ಕೇಳಿದ್ದಾರೆ. ಹಾಕಬಹುದು. ಅದಕ್ಕೇ ಖಾಲಿ ಸ್ಟ್ರಿಪ್‌ಗಳನ್ನು ತರಿಸಿ ಎಣಿಸುತ್ತಿದ್ದೆವು, ಕಫ ಪರೀಕ್ಷೆಯೂ ಇತ್ತು. ಕೇಂದ್ರಕ್ಕೇ ಬಾರದವರ ಬಾಯಿ ತೆಗೆಸಿ ನೋಡುವುದಾದರೂ ಹೇಗೆ?

ಅವರು ಚಿಕಿತ್ಸೆ ಪೂರ್ತಿ ಮಾಡಿದರು. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ.

ಮಾತ್ರೆ ಕೊಡುವ ಕೆಲಸದಲ್ಲಿರುವವರಿಗೆ ಒಂದು ಕೋರಿಕೆ. ಯಾರ ಮುಂದೆ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ರೋಗಿಯನ್ನು ಮೊದಲ ದಿನವೇ ಕೇಳಿ. ಕೇಂದ್ರದಲ್ಲೇ ನುಂಗಿಸುವುದಾದರೆ ಸಾಲಿನವರ ಕಣ್ಣಿಗೆ ಬೀಳದ, ಗಾಳಿ ಆಡುವ ಒಂದು ಮೂಲೆ ನೋಡಿಕೊಡಿ. ಹೆಸರು ಕೂಗುವ ಬದಲು ಹತ್ತಿರ ಹೋಗಿ ಕರೆಯಿರಿ.